ಬಿಸಿಲಿಗೆ ಬೆಳ್ಳಗಾದ ಕಾರಿನ ಕಪ್ಪು ಪ್ಲಾಸ್ಟಿಕ್: ಎಣ್ಣೆಯೋ, ಕೋಟಿಂಗೋ, ಬಣ್ಣವೋ?

ಗುಮ್ಮಟದ ನೆರಳು (ವಿಜಯಪುರ)
ಎಲ್ಲರಿಗೂ ನಮಸ್ಕಾರ. ನನ್ನದು 2014ರ ಬಿಳಿ ಎಸ್‌ಯುವಿ. ಎಂಜಿನ್ ಚೆನ್ನಾಗಿದೆ, ಬಾಡಿಯ ಬಣ್ಣವೂ ಇನ್ನೂ ಹೊಳೆಯುತ್ತಿದೆ. ಆದರೆ ಸುತ್ತಲಿನ ಕಪ್ಪು ಪ್ಲಾಸ್ಟಿಕ್ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿದೆ. ಬಂಪರಿನ ಕೆಳಭಾಗ, ಚಕ್ರದ ಮೇಲಿನ ಕಮಾನು, ಬಾಗಿಲಿನ ಪಟ್ಟಿ, ವೈಪರ್ ಕೆಳಗಿನ ಜಾಲರಿ, ಎಲ್ಲವೂ. ಆಫೀಸಿನಲ್ಲಿ ನೆರಳಿಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ ಗಾಡಿ ಬಿಸಿಲಲ್ಲೇ ನಿಲ್ಲುತ್ತದೆ. ನಮ್ಮೂರಿನ ಏಪ್ರಿಲ್, ಮೇ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಅಂಗಡಿಯಲ್ಲಿ ಸಿಗುವ ಹೊಳಪಿನ ಪಾಲಿಶ್ ಹಚ್ಚಿದರೆ ಒಂದು ತೊಳೆತಕ್ಕೆ ಹೋಗುತ್ತದೆ. ಒಬ್ಬ ಪೇಂಟರ್ "ಬಿಚ್ಚೋದೇ ಬೇಡ, ಮೇಲೇ ಸ್ಪ್ರೇ ಹೊಡೆದು ಸಂಜೆಗೆ ಕೊಡ್ತೀನಿ" ಎನ್ನುತ್ತಾರೆ. ಇನ್ನೊಂದು ಗ್ಯಾರೇಜಿನವರು ಎಲ್ಲಾ ಹೊಸದು ಹಾಕಿಸಿ ಅನ್ನುತ್ತಾರೆ. ಬಣ್ಣ ಹೊಡೆದರೆ ನಮ್ಮ ಬಿಸಿಲಿಗೆ ನಿಲ್ಲುತ್ತದೆಯೇ? ಮನೆಯಲ್ಲೇ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಶೇಂಗಾ ಹೋಳಿಗೆ (ಬಾಗಲಕೋಟೆ)
ಸುಮ್ನೆ ದುಡ್ಡು ಯಾಕೆ ಹಾಕ್ತೀರಿ ಸರ್? ಬಟ್ಟೆಗೆ ಸ್ವಲ್ಪ ಶೇಂಗಾ ಎಣ್ಣೆ ತಗೊಂಡು ಒರೆಸಿ. ಕಪ್ಪಗೆ ಮಿಂಚುತ್ತದೆ.

ಕೆಎ 29 ಸವಾರ
ಎಣ್ಣೆಗಿಂತ ಡೀಸೆಲ್ ಒಳ್ಳೆಯದು. ಲಾರಿಯವರು ಅದನ್ನೇ ಹಚ್ಚುತ್ತಾರೆ.

ಉದ್ಯಮಬಾಗ್ ಮೋಲ್ಡರ್ (ಬೆಳಗಾವಿ)
ಎರಡೂ ಬೇಡ. ಡೀಸೆಲ್ ಅಂತೂ ಮುಟ್ಟಲೇಬೇಡಿ. ಬಾಗಿಲು, ಗಾಜಿನ ಸುತ್ತ ಇರುವ ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ ಅನ್ನುವ ಜಾತಿಯದು. ಅದಕ್ಕೆ ಡೀಸೆಲ್, ಎಂಜಿನ್ ಆಯಿಲ್, ಗ್ರೀಸ್ ಸೋಕಿದರೆ ಉಬ್ಬಿ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ನೀರು ಒಳಗೆ ಬರುವುದಕ್ಕೆ ಅಷ್ಟು ಸಾಕು. ಶೇಂಗಾ ಎಣ್ಣೆ ರಬ್ಬರಿಗೆ ಅಷ್ಟು ಕೆಟ್ಟದ್ದಲ್ಲ, ಆದರೆ ಬಿಸಿಲಿಗೆ ಅಂಟಂಟಾಗಿ ಊರಿನ ಧೂಳನ್ನೆಲ್ಲಾ ಹಿಡಿದುಕೊಳ್ಳುತ್ತದೆ.

ಮೊದಲು ಇದು ಯಾಕೆ ಬೆಳ್ಳಗಾಗುತ್ತದೆ ಅಂತ ಹೇಳುತ್ತೇನೆ. ಆಗ ಮದ್ದು ತಾನಾಗಿ ತಿಳಿಯುತ್ತದೆ. ಬಂಪರ್, ಕ್ಲ್ಯಾಡಿಂಗ್ (ಬಾಡಿಯ ಅಂಚಿಗೆ ಹೊದಿಸಿದ ಕಪ್ಪು ಭಾಗ) ಹೆಚ್ಚಾಗಿ ಪಾಲಿಪ್ರೊಪಿಲೀನ್, ಅಂದರೆ ಪಿಪಿ. ಅದಕ್ಕೆ ಸ್ವಲ್ಪ ರಬ್ಬರ್, ಸ್ವಲ್ಪ ಟಾಲ್ಕ್ ಪುಡಿ, ಕಪ್ಪು ಬಣ್ಣಕ್ಕೆ ಕಾರ್ಬನ್ ಬ್ಲ್ಯಾಕ್, ಬಿಸಿಲು ತಡೆಯಲು ಯುವಿ ಸ್ಟೆಬಿಲೈಸರ್ ಸೇರಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಲು ಬಿದ್ದಾಗ ಆ ಸ್ಟೆಬಿಲೈಸರ್ ಮುಗಿಯುತ್ತಾ ಹೋಗುತ್ತದೆ. ಆಮೇಲೆ ಮೇಲ್ಪದರದ ಪ್ಲಾಸ್ಟಿಕ್ ಅಣುಗಳ ಸರಪಳಿಗಳು ತುಂಡಾಗಿ ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ, ಒಳಗಿನ ಟಾಲ್ಕ್ ಮೇಲೆ ಬರುತ್ತದೆ. ಬೆಳಕು ಆ ಬಿರುಕುಗಳಲ್ಲಿ ಚದುರುವುದರಿಂದ ಬೂದಿ ಬಣ್ಣ ಕಾಣುತ್ತದೆ. ಒಳಗಿನ ಕಪ್ಪು ಎಲ್ಲೂ ಹೋಗಿಲ್ಲ.

ಒದ್ದೆಯಾದ ಶಹಾಬಾದಿ ಕಲ್ಲು ಕಪ್ಪಗೆ ಕಂಡು, ಒಣಗಿದ ಮೇಲೆ ಮತ್ತೆ ಬೂದಿಯಾಗುತ್ತದಲ್ವಾ? ಎಣ್ಣೆ, ಪಾಲಿಶ್ ಮಾಡುವುದೂ ಅಷ್ಟೇ. ಬಿರುಕು ತುಂಬುತ್ತದೆ, ತೊಳೆದಾಗ ಹೋಗುತ್ತದೆ.

ದ್ರಾಕ್ಷಿ ತೋಟ (ತಿಕೋಟಾ)
ಒಂದು ಅನುಮಾನ ಸರ್. ನಮ್ಮ ತೋಟದ ಡ್ರಿಪ್ ಪೈಪುಗಳೂ ಕಪ್ಪು ಪ್ಲಾಸ್ಟಿಕ್ಕೇ. ಇದೇ ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಅವು ಇಷ್ಟು ಬೇಗ ಬೆಳ್ಳಗಾಗುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಕಾರಿನ ಪ್ಲಾಸ್ಟಿಕ್ ಯಾಕೆ ಸೋಲುತ್ತದೆ?

ಉದ್ಯಮಬಾಗ್ ಮೋಲ್ಡರ್ (ಬೆಳಗಾವಿ)
ಒಳ್ಳೆಯ ಪ್ರಶ್ನೆ. ಡ್ರಿಪ್ ಪೈಪ್ ಪಾಲಿಎಥಿಲೀನ್, ಅಂದರೆ ಪಿಇ. ಸೂರ್ಯನ ಯುವಿ ಕಿರಣಕ್ಕೆ ಪಿಪಿ ಅದಕ್ಕಿಂತ ಬೇಗ ಸೋಲುತ್ತದೆ. ಜೊತೆಗೆ ಹೊಲಕ್ಕೆ ಹಾಕುವ ಒಳ್ಳೆಯ ಪೈಪಿನಲ್ಲಿ ಸುಮಾರು ಶೇ 2ರಿಂದ 2.5ರಷ್ಟು ಕಾರ್ಬನ್ ಬ್ಲ್ಯಾಕ್ ಇರುತ್ತದೆ. ಅದೇ ಕಿರಣವನ್ನು ಹೀರಿಕೊಂಡು ಪ್ಲಾಸ್ಟಿಕ್ಕನ್ನು ಕಾಪಾಡುವುದು. ಕಾರಿನ ಟ್ರಿಮ್‌ನಲ್ಲಿ, ಅಂದರೆ ಈ ಕಪ್ಪು ಭಾಗಗಳಲ್ಲಿ, ಗಟ್ಟಿತನಕ್ಕೆ ಟಾಲ್ಕ್ ಇದೆ, ಮೇಲೆ ಚರ್ಮದಂಥ ಗೆರೆಗಳ ಅಚ್ಚು ಇದೆ. ಸ್ವಲ್ಪ ಹಾಳಾದರೂ ತಕ್ಷಣ ಕಣ್ಣಿಗೆ ಬೀಳುತ್ತದೆ. ಪೈಪ್ ಮಸುಕಾದರೆ ಯಾರೂ ನೋಡುವುದಿಲ್ಲ.

ಕುಂದಾ ತಿನ್ನೋಣ (ತಿಲಕವಾಡಿ)
ಅಂದ ಹಾಗೆ ಎಲ್ಲಾ ಬಿಳಿಯೂ ಬಿಸಿಲಿನದ್ದಲ್ಲ. ಮೂರು ತರಹದ ಬಿಳಿ ಇದೆ. ಬಾಡಿಗೆ ವ್ಯಾಕ್ಸ್ ಹಚ್ಚುವಾಗ ಪ್ಲಾಸ್ಟಿಕ್ ಮೇಲೆ ಬಿದ್ದು ಗೆರೆಗಳಲ್ಲಿ ಕೂತ ಬಿಳಿ ಒಂದು. ಅದಕ್ಕೆ ಪೆನ್ಸಿಲ್ ಅಳಿಸುವ ರಬ್ಬರ್ ಸಾಕು. ಇನ್ನೊಂದು ಬೋರ್ ನೀರಿನ ಕಲೆ. ವಿಜಯಪುರದ ಕಡೆ ಬೋರ್ ನೀರು ಗಡಸು, ಬಿಸಿಲಲ್ಲಿ ತೊಳೆದು ಹಾಗೇ ಬಿಟ್ಟರೆ ಸುಣ್ಣದ ಚುಕ್ಕೆ ನಿಲ್ಲುತ್ತದೆ. ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಒರೆಸಿ, ಚೆನ್ನಾಗಿ ತೊಳೆದರೆ ಹೋಗುತ್ತದೆ. ಈ ಎರಡಕ್ಕೂ ಬಗ್ಗದೆ ಉಳಿದದ್ದು ಬಿಸಿಲಿನ ಹಾಳು. ಮೊದಲು ಯಾವುದು ಅಂತ ನೋಡಿಕೊಳ್ಳಿ.

ಗುಮ್ಮಟದ ನೆರಳು (ವಿಜಯಪುರ)
ಸಾಹೇಬ್ರೆ, ಈಗಷ್ಟೇ ಅಳಿಸುವ ರಬ್ಬರ್, ವಿನೆಗರ್ ಎರಡೂ ನೋಡಿದೆ. ಬಾಗಿಲಿನ ಪಟ್ಟಿ ಒಂದು ಪಾಲು ಸುಧಾರಿಸಿತು. ಚಕ್ರದ ಕಮಾನು ಮತ್ತು ಜಾಲರಿ ಹಾಗೇ ಇವೆ. ಜಾಲರಿಯನ್ನು ಉಗುರಿನಿಂದ ಕೆರೆದರೆ ಬಿಳಿ ಪುಡಿ ಬರುತ್ತದೆ.

ಕೆಎ 29 ಸವಾರ
ಹಾಗಾದರೆ ಹೀಟ್ ಗನ್ ಹಿಡಿಯಿರಿ. ನಮ್ಮ ಮಾವನವರ ಗಾಡಿಗೆ ಮಾಡಿದ್ವಿ. ಬಿಸಿ ತಾಗಿದ ಕಡೆಯೆಲ್ಲಾ ಹೊಸದರ ಹಾಗೆ ಕಪ್ಪಾಯಿತು. ಒಂದು ರೂಪಾಯಿ ಖರ್ಚಿಲ್ಲ.

ಹಿನ್ನೀರ ಹಕ್ಕಿ (ನವನಗರ, ಬಾಗಲಕೋಟೆ)
ಎಷ್ಟು ತಿಂಗಳು ನಿಂತಿತು ಅಣ್ಣ?

ಕೆಎ 29 ಸವಾರ
ದೀಪಾವಳಿಗೆ ಮಾಡಿದ್ದು. ಯುಗಾದಿ ಹೊತ್ತಿಗೆ ಸ್ವಲ್ಪ ಮಸುಕಾಗಿತ್ತು, ನಿಜ.

ಉದ್ಯಮಬಾಗ್ ಮೋಲ್ಡರ್ (ಬೆಳಗಾವಿ)
ಅದೇ ಆಗುವುದು. ಬಿಸಿಗೆ ಮೇಲ್ಪದರ ಕರಗಿ ಬಿರುಕು ಮುಚ್ಚಿಕೊಳ್ಳುತ್ತದೆ, ಕಪ್ಪು ಕಾಣುತ್ತದೆ. ಆದರೆ ಮುಗಿದುಹೋದ ಸ್ಟೆಬಿಲೈಸರ್ ವಾಪಸ್ ಬರುವುದಿಲ್ಲವಲ್ಲ. ಮತ್ತೆ ಬಿರುಕು ಬೀಳುತ್ತದೆ, ಪ್ರತಿ ಸಲ ಬಿಸಿ ಮಾಡಿದಾಗ ಪ್ಲಾಸ್ಟಿಕ್ ಇನ್ನಷ್ಟು ಒಣಕಲಾಗುತ್ತದೆ.

ಅಪಾಯವೂ ಇದೆ. ಪಿಪಿ ಕರಗುವುದು ಸುಮಾರು 160 ಡಿಗ್ರಿಗೆ. ಹೀಟ್ ಗನ್ನಿನ ಗಾಳಿ ಅದಕ್ಕಿಂತ ಬಹಳ ಜಾಸ್ತಿ ಬಿಸಿ. ಒಂದೇ ಕಡೆ ಹಿಡಿದರೆ ಮೇಲಿನ ಅಚ್ಚು ನುಣ್ಣಗಾಗಿ ಕನ್ನಡಿಯಂತೆ ಹೊಳೆಯುತ್ತದೆ, ಅದನ್ನು ಸರಿಮಾಡಲು ಆಗುವುದಿಲ್ಲ. ಕನ್ನಡಿ ಕವರು, ಗ್ರಿಲ್ ಹೆಚ್ಚಾಗಿ ಎಬಿಎಸ್ ಅನ್ನುವ ಬೇರೆ ಜಾತಿಯ ಪ್ಲಾಸ್ಟಿಕ್. ಅದು 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಕೆಎ 29 ಸವಾರ
ಕೈ ಆಡಿಸುತ್ತಾ ಹಿಡಿದರೆ ಏನೂ ಆಗೋದಿಲ್ಲ ಸರ್. ಗಾಡಿ ಮಾರುವವರಿಗೆ, ಮನೆಯಲ್ಲಿ ಮದುವೆ ಇದ್ದವರಿಗೆ ಅಷ್ಟು ದಿನ ಸಾಕು. ಎಲ್ಲರಿಗೂ ಐದು ವರ್ಷ ನಿಲ್ಲಬೇಕು ಅಂತೇನಿಲ್ಲ.

ಪೇಂಟ್ ಬೂತ್ ಕಾಕಾ (ಬೆಳಗಾವಿ)
ಮಾರುವ ಗಾಡಿಗೆ ಸರಿ ತಮ್ಮಾ, ಇಟ್ಟುಕೊಳ್ಳುವ ಗಾಡಿಗೆ ಅಲ್ಲ.

ಗುಮ್ಮಟದವರಿಗೆ ನೇರವಾಗಿ ಹೇಳುತ್ತೇನೆ. "ಬಿಚ್ಚದೆ ಸಂಜೆಗೆ ಕೊಡ್ತೀನಿ" ಅಂದವರ ಹತ್ತಿರ ಹೋಗಬೇಡಿ. ಪಿಪಿ ಮೇಲೆ ಬಣ್ಣ ತಾನಾಗಿ ಹಿಡಿಯುವುದಿಲ್ಲ. ಅದು ಯಾವುದನ್ನೂ ಅಂಟಿಸಿಕೊಳ್ಳದ ಪ್ಲಾಸ್ಟಿಕ್. ಅದಕ್ಕೇ ಮೊದಲು ಅಡ್ಹೀಷನ್ ಪ್ರೊಮೋಟರ್ ಹೊಡೆಯಬೇಕು, ಕೆಲವರು ಪ್ಲಾಸ್ಟಿಕ್ ಪ್ರೈಮರ್ ಅನ್ನುತ್ತಾರೆ. ಡಬ್ಬಿಯ ಮೇಲೆ ಪಿಪಿಗೆ ಆಗುತ್ತದೆ ಅಂತ ಬರೆದಿದೆಯಾ ನೋಡಿ. ಲೋಹಕ್ಕೆ ಹೊಡೆಯುವ ಬೂದಿ ಪ್ರೈಮರ್ ಇಲ್ಲಿ ಕೆಲಸಕ್ಕೆ ಬಾರದು. ಅದರ ಮೇಲೆ ಎಂಥ ದುಬಾರಿ ಬಣ್ಣ ಹೊಡೆದರೂ ವಾಟರ್ ಸರ್ವೀಸಿನ ಪ್ರೆಶರ್ ನೀರಿಗೆ ಹಾಳೆ ಹಾಳೆಯಾಗಿ ಏಳುತ್ತದೆ. ಅಂಥ ಗಾಡಿಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಹಳೇ ಬಣ್ಣ ತೆಗೆಯುವ ಕೆಲಸ ಹೊಸ ಬಣ್ಣದ ಕೆಲಸಕ್ಕಿಂತ ದೊಡ್ಡದು.

ಕಬ್ಬಿನ ಸೀಸನ್ (ಮುಧೋಳ)
ಕಾಕಾ ಹೇಳಿದ್ದು ಅಕ್ಷರಶಃ ನಿಜ. ನನ್ನ ತಮ್ಮನ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹಾಗೇ ಹೊಡೆದುಕೊಟ್ಟಿದ್ದರು. ಉಗುರು ಸಿಕ್ಕಿಸಿ ಎಳೆದರೆ ಬಾಳೆಹಣ್ಣಿನ ಸಿಪ್ಪೆ ತರಹ ಬರುತ್ತಿತ್ತು. ದುಡ್ಡು ಕೇಳಿದರೆ "ನಿಮ್ಮ ಪ್ಲಾಸ್ಟಿಕ್ ಸರಿ ಇಲ್ಲ" ಅಂದರು. ಸಿಟ್ಟು ಬಂತು, ಏನು ಮಾಡೋದು?

ಗುಮ್ಮಟದ ನೆರಳು (ವಿಜಯಪುರ)
ಕಾಕಾ, ಹಂತಹಂತವಾಗಿ ಹೇಳಿಕೊಡ್ತೀರಾ? ಭಾನುವಾರ ನಾನೇ ಕೂತು ಮಾಡುವ ಮನಸ್ಸಿದೆ.

ಪೇಂಟ್ ಬೂತ್ ಕಾಕಾ (ಬೆಳಗಾವಿ)
ಬಣ್ಣದ ಕೆಲಸ ಹತ್ತು ನಿಮಿಷದ್ದು. ತೊಳೆಯುವ ಕೆಲಸವೇ ಅರ್ಧ ದಿನದ್ದು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಶುರು ಮಾಡಿ.

ನೀವು ಹೊಳಪಿನ ಪಾಲಿಶ್ ಹಚ್ಚಿದ್ದೀರಿ ಅಂದಿರಲ್ಲ, ಅದರಲ್ಲಿ ಸಿಲಿಕೋನ್ ಇರುತ್ತದೆ. ಪೇಂಟರಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಅದು ಚೂರು ಉಳಿದರೂ ಬಣ್ಣ ದುಂಡಗೆ ಸರಿದು ಕುಳಿ ಬೀಳುತ್ತದೆ. ನಾವು ಫಿಶ್ ಐ ಅನ್ನುತ್ತೇವೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬ್ರಷ್‌ನಿಂದ ಗೆರೆಗಳ ಒಳಗೆಲ್ಲಾ ತಿಕ್ಕಿ. ಒಣಗಿದ ಮೇಲೆ ವ್ಯಾಕ್ಸ್ ಆಂಡ್ ಗ್ರೀಸ್ ರಿಮೂವರ್, ಸಿಗದಿದ್ದರೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸ್ಪಿರಿಟ್. ಒಂದು ಬಟ್ಟೆಯಿಂದ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಸ್ವಚ್ಛ ಬಟ್ಟೆಯಿಂದ ಒರೆಸಿ. ಒಂದೇ ಬಟ್ಟೆ ಬಳಸಿದರೆ ಜಿಡ್ಡು ಅತ್ತಿಂದಿತ್ತ ಓಡಾಡುತ್ತದೆ ಅಷ್ಟೇ. ಆಮೇಲೆ ನೀರು ಚಿಮುಕಿಸಿ ನೋಡಿ. ನೀರು ಹನಿಹನಿಯಾಗಿ ಬೇರೆ ಬೇರೆ ನಿಂತರೆ ಇನ್ನೂ ಜಿಡ್ಡು ಉಳಿದಿರಬಹುದು. ತೆಳುವಾಗಿ ಹರಡಿಕೊಂಡರೆ ಮುಂದಕ್ಕೆ ಹೋಗಿ.

ಗೆರೆಗಳ ಅಚ್ಚು ಇರುವ ಕಡೆ ವಾಟರ್ ಪೇಪರ್ ಬೇಡ. ಬೂದಿ ಬಣ್ಣದ ಸ್ಕಾಚ್ ಬ್ರೈಟ್‌ನಿಂದ ಮೆಲ್ಲಗೆ ತಿಕ್ಕಿ, ಬಿಳಿ ಪುಡಿ ಪೂರ್ತಿ ಹೋಗಬೇಕು. ಪುಡಿಯ ಮೇಲೆ ಬಣ್ಣ ಹೊಡೆದರೆ ಪುಡಿ ಸಮೇತ ಉದುರುತ್ತದೆ. ಆಳದ ಗೀರು ಇದ್ದರೆ ಮಾತ್ರ 320 ನಂಬರಿನ ವಾಟರ್ ಪೇಪರ್‌ನಿಂದ ಶುರುಮಾಡಿ 600 ನಂಬರಿಗೆ ಮುಗಿಸಿ. ಪಿಪಿ ಉಜ್ಜಿದರೆ ನಾರು ಏಳುತ್ತದೆ, ನೀರು ಹಾಕಿ ಹಗುರಾಗಿ ಉಜ್ಜಿ.

ಮತ್ತೆ ಒರೆಸಿ, ಒಣಗಿಸಿ. ಪ್ರೊಮೋಟರ್ ತೆಳ್ಳಗೆ ಹೊಡೆಯಿರಿ. ಎಷ್ಟು ಹೊತ್ತಿನ ಒಳಗೆ ಬಣ್ಣ ಹೊಡೆಯಬೇಕು ಅಂತ ಡಬ್ಬಿಯ ಮೇಲೆ ಇರುತ್ತದೆ, ಆ ಹೊತ್ತು ಮೀರಬಾರದು. ಆಮೇಲೆ ಹೊಳಪಿಲ್ಲದ ಮ್ಯಾಟ್ ಅಥವಾ ತುಸು ಹೊಳಪಿನ ಸ್ಯಾಟಿನ್ ಕಪ್ಪು. ಡಬ್ಬಿ ಚೆನ್ನಾಗಿ ಕುಲುಕಿ, ಒಂದು ಗೇಣಿನಷ್ಟು ದೂರ ಹಿಡಿದು ತೆಳುವಾಗಿ ಎರಡು ಮೂರು ಕೋಟ್, ನಡುವೆ 10ರಿಂದ 15 ನಿಮಿಷ ಬಿಡಿ. ದಪ್ಪಗೆ ಒಂದೇ ಕೋಟ್ ಹೊಡೆದರೆ ಗೆರೆಗಳು ತುಂಬಿ ಪ್ಲಾಸ್ಟಿಕ್ ಚೀಪಾಗಿ ಕಾಣುತ್ತದೆ, ಬಂಪರ್ ಬಾಗಿದಾಗ ಸೀಳುತ್ತದೆ.

ಹಿನ್ನೀರ ಹಕ್ಕಿ (ನವನಗರ, ಬಾಗಲಕೋಟೆ)
ಕಾಕಾ, ಹೊತ್ತಿನ ಬಗ್ಗೆಯೂ ಹೇಳಿ. ನಮ್ಮ ಕಡೆ ಮಧ್ಯಾಹ್ನ ಸ್ಪ್ರೇ ಮಾಡಿದರೆ ಬಣ್ಣ ಪ್ಲಾಸ್ಟಿಕ್ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗುತ್ತದೆ. ಕೈಯಾಡಿಸಿದರೆ ಮರಳು ಮುಟ್ಟಿದ ಹಾಗೆ ಇರುತ್ತದೆ. ನಾನು ಯಾವಾಗಲೂ ಬೆಳಿಗ್ಗೆಯೇ, ಗಾಳಿ ಏಳುವ ಮೊದಲು, ನೆರಳಲ್ಲಿ ಮಾಡುತ್ತೇನೆ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ.

ಪೇಂಟ್ ಬೂತ್ ಕಾಕಾ (ಬೆಳಗಾವಿ)
ಹೌದ್ರೀ ತಂಗಿ, ಸರಿಯಾಗಿ ಹೇಳಿದಿರಿ. ನಮ್ಮ ಬೆಳಗಾವಿಯಲ್ಲಿ ತೊಂದರೆ ಉಲ್ಟಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ತೇವ. ಬಣ್ಣ ಆರುವಾಗ ಗಾಳಿಯ ತೇವ ಅದರಲ್ಲಿ ಸೇರಿ ಕಪ್ಪಿನ ಮೇಲೆ ಬಿಳಿ ಮಂಜು ಕೂರುತ್ತದೆ. ಎರಡೂ ಊರಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಕುಂದಾ ತಿನ್ನೋಣ (ತಿಲಕವಾಡಿ)
ಇಷ್ಟೆಲ್ಲಾ ಕಷ್ಟ ಯಾಕೆ ಅನ್ನುವುದೇ ನನ್ನ ಪ್ರಶ್ನೆ. ಒಮ್ಮೆ ಬಣ್ಣ ಹೊಡೆದರೆ ಜೀವಮಾನವಿಡೀ ಬಣ್ಣವನ್ನೇ ನೋಡಿಕೊಳ್ಳಬೇಕು. ಒಂದು ಕಲ್ಲು ಸಿಡಿದರೆ ಚುಕ್ಕೆ. ಟ್ರಿಮ್‌ಗೆಂದೇ ಬರುವ ಸೆರಾಮಿಕ್ ಕೋಟಿಂಗ್ ಇದೆ. ಸಿಲಿಕಾ ಆಧಾರದ್ದು, ಸ್ಪಾಂಜಿನಲ್ಲಿ ಹಚ್ಚಿ ಒರೆಸುವುದು. ಪ್ಲಾಸ್ಟಿಕ್ ಮೇಲೆ ಗಟ್ಟಿಯಾಗಿ ಕೂರುತ್ತದೆ, ಎಣ್ಣೆ ಹಾಗೆ ತೊಳೆದು ಹೋಗುವುದಿಲ್ಲ. ನನ್ನ ಗಾಡಿಗೆ ಎರಡು ಮಳೆಗಾಲ ಕಳೆದರೂ ಚೆನ್ನಾಗಿದೆ.

ಪೇಂಟ್ ಬೂತ್ ಕಾಕಾ (ಬೆಳಗಾವಿ)
ನಿಮ್ಮದು ಬೆಳಗಾವಿ ಗಾಡಿ. ಮನೆಯಲ್ಲಿ ಶೆಡ್ ಇದೆ ಅಲ್ವಾ? ವಿಜಯಪುರದ ಬಯಲಲ್ಲಿ ನಿಲ್ಲುವ ಗಾಡಿಗೆ ಅದೇ ಲೆಕ್ಕ ಹೇಳಬೇಡಿ.

ಕುಂದಾ ತಿನ್ನೋಣ (ತಿಲಕವಾಡಿ)
ಶೆಡ್ ಇದೆ, ಒಪ್ಪಿದೆ. ಆದರೂ ಸ್ವಲ್ಪ ಮಸುಕಾದದ್ದಕ್ಕೆ ಕೋಟಿಂಗ್ ಸಾಕು ಅನ್ನುವ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ಉದ್ಯಮಬಾಗ್ ಮೋಲ್ಡರ್ (ಬೆಳಗಾವಿ)
ಇಬ್ಬರ ಮಾತಿಗೂ ಒಂದು ಪರೀಕ್ಷೆ ಇದೆ. ತೊಳೆದ ಪ್ಲಾಸ್ಟಿಕ್ ಮೇಲೆ ನೀರು ಹಾಕಿ. ಒದ್ದೆಯಾದಾಗ ಎಲ್ಲಾ ಕಡೆ ಒಂದೇ ತರಹ ಕಪ್ಪಾದರೆ ಕೋಟಿಂಗ್ ಸಾಕು, ಬಣ್ಣ ಬೇಡ. ಒದ್ದೆಯಾದರೂ ತೇಪೆ ತೇಪೆ ಕಂಡರೆ, ಉಗುರಿಗೆ ಪುಡಿ ಬಂದರೆ, ಕೋಟಿಂಗಿಗೆ ಹಾಕಿದ ದುಡ್ಡು ದಂಡ. ಅಲ್ಲಿ ಬಣ್ಣ. ಬಿರುಕು ಬಿಟ್ಟು ಮುಟ್ಟಿದರೆ ಮುರಿಯುವಂತಿದ್ದರೆ ಹೊಸ ಭಾಗ.

ಗುಮ್ಮಟದವರ ಲೆಕ್ಕದಲ್ಲಿ ಬಾಗಿಲ ಪಟ್ಟಿಗೆ ಕೋಟಿಂಗ್, ಕಮಾನಿಗೆ ಬಣ್ಣ. ಜಾಲರಿಯ ಬೆಲೆ ವಿಚಾರಿಸಿ, ಅದು ಬಾನೆಟ್ಟಿನ ಬಿಸಿ, ಆಕಾಶದ ಬಿಸಿಲು ಎರಡನ್ನೂ ತಿಂದಿರುತ್ತದೆ.

ದ್ರಾಕ್ಷಿ ತೋಟ (ತಿಕೋಟಾ)
ಕಪ್ಪು ವಿನೈಲ್ ಸ್ಟಿಕರ್ ಅಂಟಿಸಿದರೆ?

ಪೇಂಟ್ ಬೂತ್ ಕಾಕಾ (ಬೆಳಗಾವಿ)
ಗೆರೆ ಇರುವ ಪಿಪಿ ಮೇಲೆ ನಿಲ್ಲುವುದಿಲ್ಲ. ಅಂಚು ಎದ್ದು ಅಲ್ಲಿ ಧೂಳು ಕೂರುತ್ತದೆ. ನುಣುಪಾದ ಬಾಗಿಲ ಕಂಬಕ್ಕಾದರೆ ಸರಿ.

ಕಬ್ಬಿನ ಸೀಸನ್ (ಮುಧೋಳ)
ನನ್ನದು ಬೇರೆ ಕಥೆ. ನಮ್ಮ ಕಡೆ ಕಾರ್ಖಾನೆ ಶುರುವಾದರೆ ರಸ್ತೆ ತುಂಬಾ ಎರಡೆರಡು ಟ್ರೇಲರಿನ ಟ್ರ್ಯಾಕ್ಟರ್. ಜಮಖಂಡಿ ರಸ್ತೆಯಲ್ಲಿ ಸೈಡ್ ಕೊಡುವಾಗ ಹೊರಗೆ ಚಾಚಿದ ಕಬ್ಬು ಕಮಾನಿನ ಪ್ಲಾಸ್ಟಿಕ್ಕನ್ನು ಗೀರಿ, ಮೂಲೆಯಲ್ಲಿ ಸೀಳಿದೆ. ಫೆವಿಕ್ವಿಕ್ ಹಾಕಿದರೆ ಮಾರನೇ ದಿನ ಬಿಟ್ಟಿತು. ಏನು ಮಾಡಲಿ?

ಉದ್ಯಮಬಾಗ್ ಮೋಲ್ಡರ್ (ಬೆಳಗಾವಿ)
ಬಣ್ಣ ಹಿಡಿಯದ ಪಿಪಿಗೆ ಅಂಟೂ ಹಿಡಿಯುವುದಿಲ್ಲ. ಅದಕ್ಕೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಬೇಕು. ಭಾಗವನ್ನು ಬಿಚ್ಚಿ ಹಿಂದೆ ನೋಡಿ, ಅಚ್ಚಿನಲ್ಲಿ ಗುರುತು ಇರುತ್ತದೆ. ಪಿಪಿ+ಇಪಿಡಿಎಂ-ಟಿ20 ಅಂತ ಇದ್ದರೆ ಟಿ20 ಅಂದರೆ ಶೇ 20ರಷ್ಟು ಟಾಲ್ಕ್. ಅದೇ ಜಾತಿಯ ಪ್ಲಾಸ್ಟಿಕ್ ವೆಲ್ಡಿಂಗ್ ಕಡ್ಡಿ ಬೇಕು. ಸೀಳಿನ ಎರಡು ತುದಿಗೂ ಸಣ್ಣ ತೂತು ಹಾಕಿ, ಆಗ ಸೀಳು ಮುಂದೆ ಓಡುವುದಿಲ್ಲ. ಹಿಂಬದಿಯಿಂದ ವಿ ಆಕಾರದಲ್ಲಿ ಕೊರೆದು ಕಡ್ಡಿ ಕರಗಿಸಿ ತುಂಬಬೇಕು. ಕಡ್ಡಿ ಸಿಗದಿದ್ದರೆ ಗುಜರಿಯಲ್ಲಿ ಅದೇ ಗುರುತಿನ ಹಳೇ ಬಂಪರ್ ತಂದು ಪಟ್ಟಿ ಕತ್ತರಿಸಿಕೊಳ್ಳಿ.

ಕೆಎ 29 ಸವಾರ
ಗುರುತು ಹುಡುಕೋದು ಯಾಕೆ? ಚೂರು ಕತ್ತರಿಸಿ ನೀರಿಗೆ ಹಾಕಿ. ತೇಲಿದರೆ ಪಿಪಿ, ಮುಳುಗಿದರೆ ಎಬಿಎಸ್.

ಉದ್ಯಮಬಾಗ್ ಮೋಲ್ಡರ್ (ಬೆಳಗಾವಿ)
ಶುದ್ಧ ಪಿಪಿಗೆ ಸರಿ, ಅದರ ಸಾಂದ್ರತೆ ಸುಮಾರು 0.9. ಆದರೆ ಶೇ 20 ಟಾಲ್ಕ್ ಸೇರಿದ ಪಿಪಿ ನೀರಿಗಿಂತ ತುಸು ಭಾರವಾಗಿ ಮುಳುಗುತ್ತದೆ. ಎಬಿಎಸ್ ಸುಮಾರು 1.05, ಅದೂ ಮುಳುಗುತ್ತದೆ. ಹೀಗಾಗಿ ಕಾರಿನ ಭಾಗಕ್ಕೆ ಈ ಪರೀಕ್ಷೆ ನಂಬಬೇಡಿ. ಕಾಣದ ಜಾಗದಲ್ಲಿ ಹತ್ತಿಯಿಂದ ಒಂದು ಹನಿ ಅಸಿಟೋನ್ ಮುಟ್ಟಿಸಿ. ಎಬಿಎಸ್ ಆದರೆ ಅಂಟಂಟಾಗಿ ಕರಗುತ್ತದೆ, ಪಿಪಿಗೆ ಏನೂ ಆಗುವುದಿಲ್ಲ. ಇದೇ ಕಾರಣಕ್ಕೆ ಕನ್ನಡಿ ಕವರನ್ನು ಥಿನ್ನರಿನಿಂದ ಒರೆಸಬಾರದು.

ಕೆಎ 29 ಸವಾರ
ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್ ಸರ್.

ಹಳೇ ಅಂಬಾಸಿಡರ್ (ಬೆಳಗಾವಿ)
ಇದಕ್ಕೇ ನಾನು ಹಳೇ ಗಾಡಿ ಬಿಡುವುದಿಲ್ಲ. ಸ್ಟೀಲಿನ ಬಂಪರ್, ಮೇಲೆ ಕ್ರೋಮ್. ಬಿಸಿಲೂ ಇಲ್ಲ, ಕಬ್ಬೂ ಇಲ್ಲ. 2014ರಲ್ಲಿ ಅಂಬಾಸಿಡರ್ ನಿಂತಿತು, ಅದೇ ವರ್ಷ ಮಾರುತಿ 800 ಕೂಡ. ಆಮೇಲೆ ಬಂದದ್ದೆಲ್ಲಾ ಪ್ಲಾಸ್ಟಿಕ್.

ಹಿನ್ನೀರ ಹಕ್ಕಿ (ನವನಗರ, ಬಾಗಲಕೋಟೆ)
ಅಜ್ಜಾರೆ, ಕ್ರೋಮ್ ಎದ್ದರೆ ತುಕ್ಕು ಹಿಡಿಯುತ್ತದಲ್ಲ. ಸ್ಟೀಲ್ ಬಂಪರ್ ತಾಗಿದವರ ಕಾಲಿನ ಗತಿ ಏನು? ಪ್ಲಾಸ್ಟಿಕ್ ಬಾಗುತ್ತದೆ, ಹಗುರ. ನೋಡಿಕೊಳ್ಳುವ ರೀತಿ ಬೇರೆ ಅಷ್ಟೇ.

ಹಳೇ ಅಂಬಾಸಿಡರ್ (ಬೆಳಗಾವಿ)
ಕಾಲಿನ ಮಾತು ಒಪ್ಪುತ್ತೇನೆ ಮಗಳೇ. ತುಕ್ಕಿನದ್ದು ಒಪ್ಪೋದಿಲ್ಲ. ವಾರಕ್ಕೊಮ್ಮೆ ಒರೆಸಿದರೆ ತುಕ್ಕು ಎಲ್ಲಿಂದ ಬರಬೇಕು?

ಶೇಂಗಾ ಹೋಳಿಗೆ (ಬಾಗಲಕೋಟೆ)
ನಾನು ಇನ್ನೂ ಎಣ್ಣೆ ಪಕ್ಷವೇ. ಅಂಟಂಟಾದರೆ ಒಣ ಬಟ್ಟೆಯಿಂದ ಒರೆಸಿದರಾಯಿತು.

ಪೇಂಟ್ ಬೂತ್ ಕಾಕಾ (ಬೆಳಗಾವಿ)
ಎಣ್ಣೆ ಹಚ್ಚಿಕೊಳ್ಳಿ, ಬೇಡ ಅನ್ನುವುದಿಲ್ಲ. ಮುಂದೆ ಬಣ್ಣ ಹೊಡೆಸುವ ದಿನ ಪೇಂಟರಿಗೆ ಮರೆಯದೆ ಹೇಳಿ. ಆತ ಅದನ್ನು ತೆಗೆಯಬೇಕು.

ಹಿನ್ನೀರ ಹಕ್ಕಿ (ನವನಗರ, ಬಾಗಲಕೋಟೆ)
ಗುಮ್ಮಟದವರೇ, ಬಿಚ್ಚುವ ಮೊದಲು ಒಂದು ಮಾತು. ಹತ್ತು ವರ್ಷದ ಕ್ಲಿಪ್ಪುಗಳು ಒಣಗಿರುತ್ತವೆ, ಎಳೆದರೆ ಅರ್ಧ ಮುರಿಯುತ್ತವೆ. ಮೊದಲೇ ಹೊಸ ಕ್ಲಿಪ್ ತಂದಿಟ್ಟುಕೊಳ್ಳಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬಾಡಿಯ ಬಣ್ಣ ಗೀಚುತ್ತದೆ, ಪ್ಲಾಸ್ಟಿಕ್ ಮೀಟುಗೋಲು ಬಳಸಿ. ಬಂಪರಿನಲ್ಲಿ ಪಾರ್ಕಿಂಗ್ ಸೆನ್ಸರ್ ಇದ್ದರೆ ಅದನ್ನು ತೆಗೆದು ಅಥವಾ ಮುಚ್ಚಿ ಸ್ಪ್ರೇ ಮಾಡಿ. ಸೆನ್ಸರ್ ಮೇಲೆ ಬಣ್ಣ ದಪ್ಪ ಕೂತರೆ ಅದು ಸುಮ್ನೆ ಕೂಗಲು ಶುರುಮಾಡುತ್ತದೆ.

ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಮಾಡುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಎನ್95 ಕೂಡ ಬಣ್ಣದ ಹನಿ ತಡೆಯುತ್ತದೆ, ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು.

ಪೇಂಟ್ ಬೂತ್ ಕಾಕಾ (ಬೆಳಗಾವಿ)
ತಂಗಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಾರ್ಡ್ನರ್ ಬೆರೆಸುವ 2ಕೆ ಬಣ್ಣ, 2ಕೆ ಕ್ಲಿಯರ್ ಜಾಸ್ತಿ ವರ್ಷ ನಿಲ್ಲುತ್ತದೆ, ಖರೆ. ಆದರೆ ಅದರಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇದೆ. ಅದು ಉಸಿರಾಟಕ್ಕೆ ಸೇರಿದರೆ ಅಸ್ತಮಾ ಬರಬಹುದು, ಒಮ್ಮೆ ಬಂದರೆ ಆ ಕೆಲಸವನ್ನೇ ಬಿಡಬೇಕಾಗುತ್ತದೆ. ಮನೆಯಂಗಳದಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ 2ಕೆ ಹೊಡೆಯಬೇಡಿ. ಬೂತ್ ಇರುವವರ ಹತ್ತಿರ ಕೊಡಿ. ಮನೆಗೆ ಸಾದಾ ಟ್ರಿಮ್ ಬ್ಲ್ಯಾಕ್ ಸಾಕು. ಮೂರು ವರ್ಷಕ್ಕೆ ಮಸುಕಾದರೆ ತಿಕ್ಕಿ ಇನ್ನೊಂದು ತೆಳು ಕೋಟ್ ಹೊಡೆಯಿರಿ.

ಗುಮ್ಮಟದ ನೆರಳು (ವಿಜಯಪುರ)
ಎಲ್ಲರಿಗೂ ತುಂಬಾ ಧನ್ಯವಾದ. ಕಮಾನಿನ ಹಿಂದೆ ಪಿಪಿ+ಇಪಿಡಿಎಂ ಅಂತಲೇ ಇದೆ. ಪ್ರೊಮೋಟರ್, ಸ್ಯಾಟಿನ್ ಕಪ್ಪು, ಕ್ಲಿಪ್ ತರಲು ಸೋಲಾಪುರದ ಕಡೆ ಹೋಗುವವರಿಗೆ ಹೇಳಿದ್ದೇನೆ. ಬಂದ ಮೇಲೆ ಡಬ್ಬಿಗಳನ್ನು ಭಾನುವಾರದವರೆಗೆ ಕಾರಿನ ಡಿಕ್ಕಿಯಲ್ಲೇ ಇಡಬಹುದಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಉದ್ಯಮಬಾಗ್ ಮೋಲ್ಡರ್ (ಬೆಳಗಾವಿ)
ಬೇಡವೇ ಬೇಡ. ಸ್ಪ್ರೇ ಡಬ್ಬಿಯ ಮೇಲೆ 50 ಡಿಗ್ರಿ ಮೀರಬಾರದು ಅಂತ ಬರೆದಿರುತ್ತದೆ. ನಿಮ್ಮ ಬಿಸಿಲಲ್ಲಿ ಮುಚ್ಚಿದ ಕಾರಿನ ಒಳಗೆ ಅದಕ್ಕಿಂತ ಜಾಸ್ತಿಯಾಗುತ್ತದೆ, ಡಬ್ಬಿ ಸಿಡಿಯಬಹುದು. ತರುವವರಿಗೂ ಇವತ್ತೇ ಫೋನ್ ಮಾಡಿ ಹೇಳಿ, ದಾರಿಯಲ್ಲಿ ಊಟಕ್ಕೆ ಗಾಡಿ ನಿಲ್ಲಿಸಿದರೆ ಡಬ್ಬಿಯನ್ನು ಒಳಗೆ ಬಿಟ್ಟು ಹೋಗಬಾರದು. ಮನೆಯಲ್ಲಿ ಅಡುಗೆ ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದ ಎತ್ತರದ ಅಲಮಾರಿಯಲ್ಲಿ ಇಟ್ಟು ಬೀಗ ಹಾಕಿ.

ಗುಮ್ಮಟದ ನೆರಳು (ವಿಜಯಪುರ)
ಈಗಲೇ ಫೋನ್ ಮಾಡುತ್ತೇನೆ.